ನೆಗೆಣ್ಣಿಯರ ಮಣಿ

ಹತ್ತು ವರ್ಷ ಮರಳು ತುಳಿದವಳು ನೀಲಾಂಬಿಕೆ. ಪೇಪರಿನಲ್ಲಿ ಫೋಟೋ ಬಂದದ್ದು ಚಂಪಾಳದು. ಅದೂ ಮೊದಲ ಪುಟದಲ್ಲಿ, ಅರ್ಧ ಪುಟದಷ್ಟು ದೊಡ್ಡದು. ಕೈಯಲ್ಲಿ ಮರದ ಚಿಮಟ, ಚಿಮಟದ ತುದಿಯಲ್ಲಿ ಕಡಲೆಕಾಳಿನ ಗಾತ್ರದ ಕಪ್ಪು ಗಾಜಿನ ಮಣಿ, ಮುಖದ ತುಂಬ ನಗೆ. ಹಿಂದುಗಡೆ ಮಸುಕಾಗಿ ಯಾರದೋ ಸೆರಗಿನ ತುದಿಯೊಂದು ಕಾಣುತ್ತಿತ್ತು. ಆ ಸೆರಗು ನೀಲಾಂಬಿಕೆಯದು.

ಅವಳು ಪೇಪರನ್ನು ನಾಲ್ಕು ಮಡಿಕೆ ಮಾಡಿ ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಿದಳು. ಮೇಲೆ ಬಿಸಿ ಬಿಸಿ ರೊಟ್ಟಿ ಬಿದ್ದವು. ಹಬೆಗೆ ಚಂಪಾಳ ಮುಖ ತೊಯ್ದು ಮುದುರಿತು. ಅದನ್ನು ಕಂಡು ನೀಲಾಂಬಿಕೆಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

"ಚಂಪಾ ಪೇಪರಿನ್ಯಾಗ ಬಂದಾಳಂತಲ್ಲ, ಓದಿ ಹೇಳ ನೀಲಾ," ಎಂದಳು ಅತ್ತೆ ಗೌರವ್ವ. ಕಣ್ಣಿಗೆ ಪೊರೆ ಬಂದು ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಬಲು ಚುರುಕು.

"ರೊಟ್ಟಿ ಬುಟ್ಟ್ಯಾಗ ಅದಾಳ್ರಿ ಅತ್ತಿ. ಊಟ ಮುಗದ ಮ್ಯಾಲ ಓದ್ತೀನಿ."

"ಬುಟ್ಟ್ಯಾಗ ಹಾಕೀಯೇನು ಆಕಿನ್ನ?" ಗೌರವ್ವ ನಕ್ಕಳು. "ನಿನ್ನ ಹೊಟ್ಟ್ಯಾಗಿನ ಉರಿ ಒಲಿಗೆ ಹಚ್ಚಿದ್ರ ಗ್ಯಾಸ್ ಆದ್ರೂ ಉಳೀತಿತ್ತು."

ಇವರು ಗದಗಿನ ಕಡೆಯವರು. ಥಾರ್ ಮರುಭೂಮಿಯ ನಡುವೆ ಇವರಿಗೇನು ಕೆಲಸ ಎಂದರೆ, ನೀಲಾಂಬಿಕೆಯ ಗಂಡ ಮಹಾಂತೇಶ ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಉಪ್ಪು ನೀರನ್ನು ಸಿಹಿ ಮಾಡುವ ಯಂತ್ರ ನೋಡಿಕೊಳ್ಳುವ ಎಂಜಿನಿಯರ್. ಹನ್ನೆರಡು ವರ್ಷದ ಹಿಂದೆ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ನೀಲಾಂಬಿಕೆ ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಓದಿದವಳು. ಕ್ವಾರ್ಟರ್ಸಿನಲ್ಲಿ ಕುಳಿತು ಬೇಜಾರು ಬಂದು, ಬೆಳಗಿನ ತಂಪಿನಲ್ಲಿ ಮರಳಿನ ಮೇಲೆ ಅಡ್ಡಾಡತೊಡಗಿದಳು. ಎರಡನೆಯ ವರ್ಷ, ನಕಾಶೆಯಲ್ಲಿ 'ಒಣಗಿದ ಕೆರೆ' ಎಂದು ಬರೆದಿದ್ದ ಒಂದು ದುಂಡನೆಯ ತಗ್ಗಿನ ಅಂಚಿನಲ್ಲಿ ಕಪ್ಪು ಗಾಜಿನ ಮಣಿಗಳು ಸಿಕ್ಕವು. ಅದು ಕೆರೆಯಲ್ಲ. ನಾನೂರು ವರ್ಷದ ಹಿಂದೆ ಆಕಾಶದಿಂದ ಕಬ್ಬಿಣದ ಬಂಡೆಯೊಂದು ಬಡಿದು ತೋಡಿದ ಕುಳಿ. ಬಡಿತದ ಕಾವಿಗೆ ಮರಳೇ ಕರಗಿ, ಗಾಜಿನ ಹನಿಯಾಗಿ ಸಿಡಿದಿತ್ತು.

ಕೇಂದ್ರದವರು ಅವಳನ್ನು ಸಂಗ್ರಹಪಾಲಕಿ ಎಂದು ನೇಮಿಸಿದರು. ಅವಳ ಉಪಕರಣ ಒಂದೇ, ಒಂದು ಬಿದಿರಿನ ಕೋಲು. ಹಳೆಯ ಲೌಡ್‌ಸ್ಪೀಕರಿನ ಆಯಸ್ಕಾಂತವನ್ನು ಕಿತ್ತು ಅದರ ತುದಿಗೆ ಕೂರಿಸಿಕೊಟ್ಟವನು ಮಹಾಂತೇಶ. ಮರುಭೂಮಿಯಲ್ಲಿ ಬಳೆ ಚೂರು, ಬಾಟಲಿ ಚೂರು, ಸುಟ್ಟ ಕಲ್ಲು ಎಲ್ಲವೂ ಕಪ್ಪಗೆ ಹೊಳೆಯುತ್ತವೆ. ಅಸಲಿ ಮಣಿಯಲ್ಲಿ ಮಾತ್ರ ಆಕಾಶದ ಕಬ್ಬಿಣ ಬೆರೆತಿರುತ್ತದೆ. ಕೋಲು ಮುಟ್ಟಿಸಿದರೆ 'ಟಕ್' ಎಂದು ಬಂದು ಅಂಟಿಕೊಳ್ಳುತ್ತದೆ. ಉಲ್ಕೆ ಹುಡುಕುವವರೆಲ್ಲ ಮಾಡುವ ಪರೀಕ್ಷೆಯೇ ಅದು. ಹತ್ತು ವರ್ಷದಲ್ಲಿ ಮೂರು ಸಾವಿರದ ನೂರ ನಲವತ್ತು ಮಣಿ. ಒಂದೊಂದಕ್ಕೂ ನಂಬರು, ಸಿಕ್ಕ ಜಾಗ, ಸಿಕ್ಕ ದಿನ. ಅಷ್ಟು ಮಣಿ ಬೇರೆ ಯಾವ ದೇಶದ ಯಾವ ಸಂಗ್ರಹದಲ್ಲೂ ಇರಲಿಲ್ಲ. ನೀಲಾಂಬಿಕೆಗೆ ಮಕ್ಕಳಿರಲಿಲ್ಲ, ಇದ್ದದ್ದು ಇದೇ.

ಆಮೇಲೆ ಚಂಪಾ ಬಂದಳು. ಬೈಲಹೊಂಗಲದ ಹುಡುಗಿ, ಭೌತವಿಜ್ಞಾನದಲ್ಲಿ ಡಾಕ್ಟರೇಟು, ಕೇಂದ್ರಕ್ಕೆ ವಿಜ್ಞಾನಿಯಾಗಿ ಬಂದವಳು. ಮರಳುಗಾಡಿನಲ್ಲಿ ಕನ್ನಡ ಕೇಳಿ ಕರಗಿಹೋದ ನೀಲಾಂಬಿಕೆಯೇ ಅವಳನ್ನು ಮನೆಗೆ ಕರೆದು ಊಟಕ್ಕಿಟ್ಟಳು. ಹಡಗಿನಲ್ಲಿ ಕೆಲಸದಲ್ಲಿದ್ದ ಮೈದುನ ಈರಣ್ಣನಿಗೆ ಜೋಡಿ ಮಾಡಿ ಮದುವೆ ಮಾಡಿಸಿದವಳೂ ಅವಳೇ. ನೆಗೆಣ್ಣಿಯನ್ನು ತಾನೇ ಆರಿಸಿ ತಂದಿದ್ದರಿಂದ ಈಗ ಬೈಯುವುದಕ್ಕೂ ಯಾರೂ ಉಳಿದಿರಲಿಲ್ಲ.

ಚಂಪಾ ಕಟ್ಟಿದ ಯಂತ್ರದ ಹೆಸರು 'ಆಲಿಕೆ'. ಅವಳ ತರ್ಕ ಸರಳವಾಗಿತ್ತು. ಸಿಡಿದ ಗಾಜಿನ ಹನಿ ದೂರ ಹೋಗಿ ಬಿದ್ದು, ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಮೈ ಮೊದಲು, ತಿರುಳು ಕೊನೆಗೆ. ಇಷ್ಟಕ್ಕೆ ನಾಲ್ಕಾರು ಸೆಕೆಂಡು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸುತ್ತ ಏನು ಸದ್ದಾದರೂ ಮೆತ್ತಗಿನ ಗಾಜು ನಡುಗುತ್ತದೆ. ಯಾವ ಪದರ ಗಟ್ಟಿಯಾಗುವಾಗ ಯಾವ ನಡುಕವಿತ್ತೋ ಅದರ ಗುರುತು ಅಲ್ಲೇ ಉಳಿಯುತ್ತದೆ. ಹೊರಗಿನ ಪದರದಿಂದ ಒಳಕ್ಕೆ ಓದುತ್ತ ಹೋದರೆ ಆ ಸದ್ದನ್ನು ಮತ್ತೆ ಕೇಳಬಹುದು.

ಆ ಗುರುತು ಗಾಜಿನಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದನ್ನು ವಿವರಿಸಲು ಚಂಪಾ ಮೂರು ಸಲ ಅಡುಗೆಮನೆಗೆ ಬಂದಿದ್ದಳು. ಮೂರು ಸಲವೂ ನೀಲಾಂಬಿಕೆ "ಒಗ್ಗರಣಿ ಹೊತ್ತತೈತಿ" ಎಂದು ಎದ್ದು ಹೋದಳು. ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ. ಚಂಪಾ ಬರೆದ ಪ್ರಬಂಧವೂ ಮನೆಯಲ್ಲಿತ್ತು. ಅದನ್ನು ಅವಳು ಬಿಚ್ಚಿ ನೋಡಿದವಳಲ್ಲ.

ಕುಳಿಯ ಹತ್ತಿರ ಚಂಪಾ ತಾನೇ ಮರದ ಚಿಮಟದಿಂದ ಎತ್ತಿದ ಮಣಿಗಳಲ್ಲಿ ಬರೀ ಗುಡುಗು ಕೇಳಿಸಿತು. ಅಷ್ಟಕ್ಕೇ ಜಗತ್ತು ಬೆರಗಾಯಿತು. ಆಮೇಲೆ ಅವಳು ಕುಳಿಯಿಂದ ಆರು ಕಿಲೋಮೀಟರು ದೂರದ ಖಾರಾಸರ್ ಎಂಬ ಕುರಿಗಾಹಿಗಳ ಹಟ್ಟಿಗೆ ಹೋಗಿ, ಹಳೆಯ ಬಾವಿಯ ಪಕ್ಕದಲ್ಲಿ ಒಂದೇ ಒಂದು ಮಣಿ ಹುಡುಕಿ ತಂದಳು. ಅಷ್ಟು ದೂರ ಮಣಿ ಹಾರಿರಲಾರದು ಎಂದು ನೀಲಾಂಬಿಕೆ ಅತ್ತ ಕಡೆ ಹುಡುಕಲೇ ಹೋಗಿರಲಿಲ್ಲ. ಬಡಿತದ ಬೆಳಕು ಬಾವಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿತ್ತು. ಅದರ ಹಿಂದೆ ಕಾದ ಗಾಜು ಬಂದು ಬಿದ್ದಿತ್ತು. ಸದ್ದು ಬರಲು ಇನ್ನೂ ಕೆಲವು ಸೆಕೆಂಡು ಬೇಕಿತ್ತು. ಆ ಸೆಕೆಂಡುಗಳಲ್ಲಿ ಬಾವಿಯ ಹತ್ತಿರ ಯಾರೋ ಮಾತಾಡುತ್ತಿದ್ದರು.

"ದೇರಾಣೀ... ಏ ದೇರಾಣೀ... ವೋ ಘಡೋ..."

ಅರ್ಧ ಮಣಿ ಓದಿದಾಗ ಇಷ್ಟು ಸಿಕ್ಕಿತು. ಹಳೆಯ ಮಾರವಾಡಿ. ದೇರಾಣಿ ಎಂದರೆ ಗಂಡನ ತಮ್ಮನ ಹೆಂಡತಿ. ಹಿರಿಯ ನೆಗೆಣ್ಣಿಯೊಬ್ಬಳು ಕಿರಿಯಳನ್ನು ಕೂಗುತ್ತಿದ್ದಾಳೆ, 'ಆ ಕೊಡ...' ಎನ್ನುತ್ತಿದ್ದಾಳೆ. ಅಷ್ಟರಲ್ಲಿ ಆಲಿಕೆಯನ್ನು ತಂಪಾಗಿಡುವ ಹೀಲಿಯಂ ಮುಗಿಯಿತು. ಉಳಿದರ್ಧ ಓದಲು ತಿಂಗಳು ಕಾಯಬೇಕಾಯಿತು.

ಆ ಒಂದು ತಿಂಗಳು ಜಗತ್ತು ಆಡಿದ ಆಟ ನೋಡಬೇಕಿತ್ತು. ಟೀವಿಯಲ್ಲಿ ದಿನಾ ಚರ್ಚೆ. 'ಆ ಕೊಡ ಬಿಟ್ಟು ಓಡು' ಎಂದು ಎಚ್ಚರಿಸುತ್ತಿದ್ದಾಳೆ ಎಂದು ಒಬ್ಬರು, 'ಆ ಕೊಡದಲ್ಲಿ ಬೆಂಕಿ ಕಾಣುತ್ತಿದೆ' ಎಂದು ಇನ್ನೊಬ್ಬರು. ಮಕ್ಕಳು ಶಾಲೆಯಲ್ಲಿ ಒಬ್ಬರನ್ನೊಬ್ಬರು ದೇರಾಣಿ ಎಂದು ಕರೆದುಕೊಂಡವು. ಗಾಜಿಗೆ ಕಿವಿಯಿದೆ ಎಂಬ ಮಾತು ಹಬ್ಬಿ, ಬಳೆ ಮಾಡುವ ಕುಲುಮೆಗಳಲ್ಲಿ ಕೆಲಸಗಾರರು ಬೈಗುಳ ನಿಲ್ಲಿಸಿದರು. ಸೋಬಾನೆ ಹಾಡುತ್ತ ಎರಕ ಹೊಯ್ದ ಬಳೆಯೇ ಬೇಕು ಎಂದು ಮದುಮಕ್ಕಳು ಹಟ ಹಿಡಿದರು. ಗದಗಿನಿಂದ ನೆಂಟರು ಫೋನು ಮಾಡಿ, "ನಿಮ್ಮ ಸಣ್ಣ ಸೊಸಿ ಭಾಳ ಶ್ಯಾಣೆ ಬಿಡ್ರಿ," ಎಂದು ಗೌರವ್ವನಿಗೆ ಹೇಳಿದರು. ದೊಡ್ಡ ಸೊಸೆಯನ್ನು ಒಬ್ಬರೂ ಕೇಳಲಿಲ್ಲ.

ನೀಲಾಂಬಿಕೆಯ ಹೊಟ್ಟೆ ಉರಿದದ್ದು ಬರೀ ಹೆಸರಿಗಲ್ಲ. ಅವಳ ಮೂರು ಸಾವಿರದ ನೂರ ನಲವತ್ತರಲ್ಲಿ ಒಂದನ್ನೂ ಚಂಪಾ ಜಗತ್ತಿಗೆ ಕೇಳಿಸಿರಲಿಲ್ಲ. ಎರಡು ವರ್ಷದಿಂದ ಕೇಳಿದಾಗೆಲ್ಲ ಒಂದೇ ಉತ್ತರ, "ಸರದಿ ಬಂದಿಲ್ರಿ ಅಕ್ಕಾರ." ಯಾವ ಸರದಿ? ಹತ್ತು ವರ್ಷ ಬಿಸಿಲಲ್ಲಿ ನಿಂತವಳಿಗಿಂತ ಮುಂದಿನ ಸರದಿ ಯಾರದು? ಅದರ ಮೇಲೆ ಲ್ಯಾಬಿಗೆ ಹೊಸ ನಿಯಮ. ಮೊಬೈಲ್ ಬೇಡ, ಕೀಲಿಗೊಂಚಲು ಬೇಡ, ಕೋಲು ಬೇಡ. ನೀಲಾಂಬಿಕೆಯ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ.

ಹೀಲಿಯಂ ಬಂತು. ಗುರುವಾರ ದಿಲ್ಲಿಯಿಂದ ಮೂವರು ತಜ್ಞರ ಸಮಿತಿ ಬಂದು, ಉಳಿದರ್ಧದ ಓದು ಶುರುವಾಗುವುದನ್ನು ಕಣ್ಣಾರೆ ನೋಡುವುದೆಂದು ಗೊತ್ತಾಯಿತು. ಬುಧವಾರ ಊಟಕ್ಕೆ ಕುಳಿತಾಗ ಮಹಾಂತೇಶ ಅನ್ನ ಕಲಸುತ್ತ ಹೇಳಿದ, "ನಾಳಿ ಮಂದಿ ಬರ್ತಾರ. ನಿನ್ನ ಕೋಲು ಆ ಕಡೆ ಒಯ್ಯಬ್ಯಾಡ ಹಾಂ."

"ಯಾಕ? ನನ್ನ ಕೋಲು ಕಂಡ್ರ ಮಹಾರಾಣಿಗೆ ಮೈಲಿಗಿ ಆಗ್ತದೇನು?"

"ಹಂಗಲ್ಲ. ಚಂಪಾ ಹೇಳ್ಯಾಳ. ಒಂದು ಮಾತ್ ಐತಿ ನೀಲಾ, ನಾ ನಿನಗ ಹೇಳ್ಬೇಕಂತ ಎಷ್ಟೋ ಸಲ..."

"ಚಂಪಾ ಹೇಳ್ಯಾಳ, ಚಂಪಾ ಹೇಳ್ಯಾಳ! ಸಾಂಬಾರಿಗೆ ಉಪ್ಪು ಎಷ್ಟು ಹಾಕ್ಬೇಕಂತ ಕೇಳ್ಕೊಂಡ್ ಬರ್ರಿ ಹೋಗ್ರಿ."

ಮಹಾಂತೇಶ ತುತ್ತಿನ ಜೊತೆ ಮಾತನ್ನೂ ನುಂಗಿದ. ಚಂಪಾ ಅವನಿಂದ ಆಣೆ ಹಾಕಿಸಿಕೊಂಡಿದ್ದಳು. ಏನೆಂದು ಆಣೆ ಎಂಬುದು ಮರುದಿನ ತಿಳಿಯಿತು.

ಹೊರಗೆ ನಲವತ್ತೆಂಟು ಡಿಗ್ರಿ. ಊಟವಾಗಿ ಎಲ್ಲರೂ ಕೂಲರಿನ ಮುಂದೆ ಅಡ್ಡಾದರು. ನೀಲಾಂಬಿಕೆಗೆ ಮಾತ್ರ ಕಣ್ಣು ಮುಚ್ಚಲಿಲ್ಲ. ಒಂದು ಸಂಶಯ ವಾರದಿಂದ ಅವಳನ್ನು ಕೊರೆಯುತ್ತಿತ್ತು. ಆರು ಕಿಲೋಮೀಟರು ದೂರದಲ್ಲಿ ಒಂದೇ ಮಣಿ, ಅದರಲ್ಲೇ ಹೆಣ್ಣಿನ ದನಿ, ಅದೂ ಇಷ್ಟು ಚಂದವಾಗಿ? ಅದು ಅಸಲಿಯೇ? ಕುಲುಮೆಯಲ್ಲಿ ಮಾಡಿಸಿದ್ದಲ್ಲ ಎಂದು ಏನು ಖಾತ್ರಿ? ಖಾತ್ರಿ ಮಾಡಿಕೊಳ್ಳುವುದು ಅವಳಿಗೆ ಗೊತ್ತಿತ್ತು. ಕುಲುಮೆಯ ಗಾಜು ಕೋಲಿಗೆ ಅಂಟುವುದಿಲ್ಲ.

ಸಂಗ್ರಹಪಾಲಕಿಯ ಬಳಿ ಎಲ್ಲ ಕೋಣೆಯ ಕೀಲಿ ಇತ್ತು. ಲ್ಯಾಬಿನ ಬಾಗಿಲು ತೆಗೆದು, ನಿಯಮದಂತೆ ಮೊಬೈಲನ್ನೂ ಕೀಲಿಗೊಂಚಲನ್ನೂ ಹೊರಗಿನ ಸ್ಟೂಲಿನ ಮೇಲಿಟ್ಟಳು. ಕೋಲನ್ನು ಇಡಲಿಲ್ಲ. ಮಂದ ಲೋಹದ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಹತ್ತಿಯ ಮೇಲೆ ಮಣಿ ಮಲಗಿತ್ತು. ಇಷ್ಟೇ ಇಷ್ಟು. ಇದಕ್ಕಾಗಿ ಅರ್ಧ ಪುಟ.

"ಬಾರವಾ ತಾಯಿ, ನೋಡೂಣು ನಿನ್ನ ಬಂಡವಾಳ," ಎಂದು ಕೋಲು ಚಾಚಿದಳು.

ಟಕ್.

ಮಣಿ ಚಂಗನೆ ಹಾರಿ ಆಯಸ್ಕಾಂತಕ್ಕೆ ಅಂಟಿತು. ಅಸಲಿ. ಮಣಿ ಅಸಲಿ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡ ಸಂಗ್ರಹಪಾಲಕಿ ಜಗತ್ತಿನಲ್ಲಿ ಅವಳೊಬ್ಬಳೇ ಇದ್ದಾಳು. ಮಣಿಯನ್ನು ಬಿಡಿಸಿ, ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟು ಮನೆಗೆ ಬಂದು ಮಲಗಿದಳು.

ಗುರುವಾರ ಸಮಿತಿ ಬಂತು. ಅಧ್ಯಕ್ಷರು ಡಾ. ಕುಲಶ್ರೇಷ್ಠ, ನರೆತ ಮೀಸೆಯ, ಮಾತು ಕಡಿಮೆಯ ಮನುಷ್ಯ. ಚಂಪಾ ಮಣಿಯನ್ನು ಆಲಿಕೆಯೊಳಗೆ ಇಳಿಸಿದಳು. ಪೂರ್ತಿ ಓದಲು ಇಪ್ಪತ್ತೊಂದು ದಿನ ಬೇಕು. ಮೊದಲ ಪದರದ ಚಿತ್ರ ಮಾತ್ರ ಒಂದು ತಾಸಿನಲ್ಲಿ ಪರದೆಯ ಮೇಲೆ ಬರುತ್ತದೆ. ಎಲ್ಲರೂ ಚಹಾ ಕುಡಿಯುತ್ತ ಕಾದರು. ನೀಲಾಂಬಿಕೆ ಹಿಂದಿನ ಕುರ್ಚಿಯಲ್ಲಿ, ಮಹಾಂತೇಶನ ಪಕ್ಕ ಕುಳಿತಿದ್ದಳು.

ಚಿತ್ರ ಬಂತು. ಪರದೆಯ ತುಂಬ ಸಾವಿರಾರು ಸಣ್ಣ ಬಾಣಗಳು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಚಂಪಾ ಚಹಾದ ಲೋಟ ಕೆಳಗಿಟ್ಟು ಪರದೆಯ ಹತ್ತಿರ ಹೋದಳು.

"ಇದೇನು?" ಕುಲಶ್ರೇಷ್ಠ ಹಿಂದಿಯಲ್ಲಿ ಕೇಳಿದರು. "ಹಿಂದಿನ ಚಿತ್ರದಲ್ಲಿ ಬಾಣಗಳು ಗಾಳಿಗೆ ಬಿದ್ದ ಪೈರಿನ ಹಾಗೆ ಅಲೆಯಲೆಯಾಗಿದ್ದವು. ಓದಿದ ಅರ್ಧವನ್ನೇ ಮತ್ತೊಮ್ಮೆ ತೋರಿಸಿ."

ಇನ್ನೊಂದು ತಾಸಿನ ಮೇಲೆ ಅದನ್ನೂ ತೋರಿಸಿದಳು. ಅಲ್ಲಿಯೂ ಅದೇ ಸಾಲು.

"ಅಂದರೆ ಇದರಲ್ಲಿ ದನಿ ಇತ್ತು ಎನ್ನಲು ನಿಮ್ಮ ಕಂಪ್ಯೂಟರಿನ ದಾಖಲೆ ಬಿಟ್ಟರೆ ಮಣಿಯ ಸಾಕ್ಷಿ ಇಲ್ಲ."

ಚಂಪಾ ಪರದೆಯ ಬಾಣಗಳ ಮೇಲೆ ಬೆರಳಿಟ್ಟಳು. "ಸರ್, ಈ ಗಾಜಿನಲ್ಲಿ ಕೂದಲಿಗಿಂತ ಸಣ್ಣ ಕಬ್ಬಿಣದ ಹನಿಗಳಿವೆ. ಒಂದೊಂದು ಹನಿಯೂ ಒಂದೊಂದು ದಿಕ್ಸೂಚಿಯ ಮುಳ್ಳು. ಗಾಜು ನಡುಗಿದಾಗ ಮುಳ್ಳು ಅಲುಗುತ್ತದೆ, ಪದರ ಗಟ್ಟಿಯಾದಾಗ ಹಾಗೆಯೇ ನಿಲ್ಲುತ್ತದೆ. ಆಲಿಕೆ ಓದುವುದು ಅದನ್ನೇ. ಹೊರಗಿನ ಆಯಸ್ಕಾಂತ ಒಂದು ಸಲ ಮುಟ್ಟಿದರೆ ಸಾಕು, ಎಲ್ಲ ಮುಳ್ಳೂ ಒಂದೇ ಕಡೆ ತಿರುಗಿಬಿಡುತ್ತವೆ. ಆಮೇಲೆ ಆ ಮಣಿಯಲ್ಲಿ ಏನೂ ಉಳಿಯುವುದಿಲ್ಲ. ಇದು ಆಯಸ್ಕಾಂತ ಮುಟ್ಟಿದ ಗುರುತು."

"ಇಂಥ ಗುರುತು ಇದೇ ಎಂದು ಹೇಗೆ ಹೇಳುತ್ತೀರಿ? ಮೊದಲು ಎಲ್ಲಾದರೂ ನೋಡಿದ್ದೀರಾ?"

"ನೋಡಿದ್ದೇನೆ ಸರ್. ನಮ್ಮ ಸಂಗ್ರಹದ ಮೂರು ಸಾವಿರದ..."

ಚಂಪಾ ನಾಲಿಗೆ ಕಚ್ಚಿಕೊಂಡಳು. ಹಿಂದಿನ ಕುರ್ಚಿಯ ಕಡೆ ಒಂದು ಸಲ ನೋಡಿ, ತಟ್ಟನೆ ತಲೆ ತಗ್ಗಿಸಿದಳು.

ನೀಲಾಂಬಿಕೆಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಅವಳ ಕಿವಿಯಲ್ಲಿ ಟಕ್ ಟಕ್ ಎಂದು ಮೂರು ಸಾವಿರದ ನೂರ ನಲವತ್ತು ಸದ್ದು ಕೇಳಿದವು. ಒಂದೊಂದನ್ನೂ ಅವಳೇ ಹುಡುಕಿದ್ದಳು, ಹುಡುಕಿದ ಗಳಿಗೆಯಲ್ಲೇ ಅವಳೇ ಮೂಕ ಮಾಡಿದ್ದಳು. ಪಕ್ಕದಲ್ಲಿದ್ದ ಮಹಾಂತೇಶ ತನ್ನ ಕೈ ನೋಡಿಕೊಳ್ಳುತ್ತಿದ್ದ. ಕೋಲು ಮಾಡಿಕೊಟ್ಟ ಕೈ. ಅವನಿಗೆ ಗೊತ್ತಿತ್ತು. ಚಂಪಾಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಸರದಿ ಬಂದಿಲ್ರಿ ಅಕ್ಕಾರ, ಸರದಿ ಬಂದಿಲ್ರಿ ಎಂದು ಸುಳ್ಳು ಹೇಳಿಕೊಂಡು, ಇವಳಿಂದ ಚುಚ್ಚುಮಾತು ತಿಂದುಕೊಂಡು ಬಂದಿದ್ದಳು.

"ಯಾರಾದರೂ ಆಯಸ್ಕಾಂತ ತಂದಿದ್ದರೇ?" ಕುಲಶ್ರೇಷ್ಠ ಕೇಳಿದರು.

ಚಂಪಾ ತಲೆ ಎತ್ತಲಿಲ್ಲ. "ಗೊತ್ತಿಲ್ಲ ಸರ್."

ಸಮಿತಿಯ ಮತ್ತಿಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯತೊಡಗಿದಳು. ಏನು ಬರೆಯುತ್ತಾಳೆ ಎಂಬುದು ಸ್ಪಷ್ಟವಿತ್ತು. ನೀಲಾಂಬಿಕೆ ಸುಮ್ಮನಿದ್ದರೆ ಸಾಕಿತ್ತು. ಚಂಪಾ ಮೋಸಗಾತಿಯಾಗುತ್ತಿದ್ದಳು, ಅರ್ಧ ಪುಟದ ಫೋಟೋ ನಗೆಪಾಟಲಾಗುತ್ತಿತ್ತು, ಸಂಗ್ರಹದ ಗುಟ್ಟೂ ಅಲ್ಲೇ ಮುಚ್ಚಿಹೋಗುತ್ತಿತ್ತು. ಬೇಡ ಎಂದರೂ ಆ ಯೋಚನೆ ಬಂತು, ಬಂದು ಒಂದು ಗಳಿಗೆ ಸಿಹಿಯಾಗಿಯೂ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳ ಬಲಗೈ ತಾನಾಗಿ ಸೆರಗಿನ ತುದಿ ಹಿಡಿಯಿತು. ಮಣಿ ಒರೆಸಿದ ಸೆರಗು.

ಚಂಪಾ ಇನ್ನೂ ನೆಲ ನೋಡುತ್ತಿದ್ದಳು. ತನ್ನ ಕಣ್ಣು ಹಿಂದಿನ ಕುರ್ಚಿಯತ್ತ ಹೋದರೆ ಸಮಿತಿಯ ಕಣ್ಣೂ ಅತ್ತ ಹೋದೀತು ಎಂಬ ಹೆದರಿಕೆ ಅವಳದು. ಅದು ಕಂಡಾಗ ನೀಲಾಂಬಿಕೆಗೆ ಕುಳಿತಿರಲು ಆಗಲಿಲ್ಲ.

"ನಾನು ಮುಟ್ಟಿಸಿದೆ, ಸಾಹೇಬರ," ಎಂದು ಎದ್ದು ನಿಂತಳು. ಹೊರಗಿನ ಗೋಡೆಗೆ ಒರಗಿಸಿಟ್ಟಿದ್ದ ಕೋಲು ತಂದು ಬಾಗಿಲಲ್ಲೇ ಎತ್ತಿ ತೋರಿಸಿದಳು. "ಇದರಿಂದ. ನಿನ್ನೆ ಮಧ್ಯಾಹ್ನ. ಆ ಮೂರು ಸಾವಿರಕ್ಕೂ ಮುಟ್ಟಿಸಿದವಳು ನಾನೇ. ಆ ಹುಡುಗಿಯದು ಏನೂ ತಪ್ಪಿಲ್ಲ."

"ಯಾಕೆ ಮುಟ್ಟಿಸಿದಿರಿ?"

ಹನ್ನೆರಡು ವರ್ಷದಲ್ಲಿ ಅವಳು ಹಿಂದಿಯ ಆ ಶಬ್ದವನ್ನೂ ಕಲಿತಿದ್ದಳು. "ಜಲನ್ ಸೇ, ಸಾಹೇಬ," ಎಂದಳು. ಹೊಟ್ಟೆಕಿಚ್ಚಿಗೆ.

ಕುಲಶ್ರೇಷ್ಠರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಹೇಳಿದ್ದನ್ನು ನಂಬುತ್ತೇನೆ," ಎಂದರು. "ಆದರೂ ದನಿ ಇತ್ತು ಎಂದು ಬರೆಯಲು ನನಗೆ ಮಣಿ ಬೇಕು. ಬಾವಿಯ ಹತ್ತಿರದ್ದು ಇನ್ನೊಂದು ಇದೆಯೇ?"

"ಇಲ್ಲ ಸರ್," ಎಂದಳು ಚಂಪಾ. "ಎರಡು ವರ್ಷ ಹುಡುಕಿದೆ. ಮರಳಿನ ದಿಬ್ಬ ಸರಿದು ಎಲ್ಲ ಮುಚ್ಚಿಹೋಗಿದೆ."

ನೀಲಾಂಬಿಕೆ ಕೋಲನ್ನು ಅಲ್ಲೇ ಹೊಸ್ತಿಲ ಹೊರಗೆ ಬಿಸಾಕಿ, ಸುಡು ಬಿಸಿಲಲ್ಲಿ ಮನೆಯ ಕಡೆ ಓಡಿದಳು.

ದೇವರ ಜಗಲಿಯ ಮುಂದೆ ಗೌರವ್ವ ಬತ್ತಿ ಹೊಸೆಯುತ್ತಿದ್ದಳು. ನೀಲಾಂಬಿಕೆ ಜಗಲಿಯ ಮೂಲೆಗೆ ಕೈ ಹಾಕಿ ಮರದ ಕುಂಕುಮದ ಭರಣಿ ಎತ್ತಿದಳು.

"ಯಾರದು? ನೀಲಾ? ಭರಣಿ ಯಾಕ ಬೇಕಾತು ಈಗ?"

"ಅತ್ತಿ, ನನ್ನ ಕೋಲು ಇಲ್ಲಿ ಎಂದಾದ್ರೂ ಬಂದಿತ್ತೇನ್ರಿ? ನೆನಪು ಮಾಡ್ಕೊಂಡ್ ಹೇಳ್ರಿ."

"ಎಲ್ಲಿ ಬಂದೀತs ತಾಯಿ? ಹೊಲಸು ತುಳದ ಕೋಲು ದೇವರ ಹತ್ರ ತರಬ್ಯಾಡ ಅಂತ ಮೊದಲನೇ ದಿವ್ಸಾನ ಹೇಳೀನಿ. ಹನ್ನೆರಡು ವರ್ಷದಾಗ ನೀ ಕೇಳಿದ್ದು ಅದೊಂದs ಮಾತು."

ಭರಣಿಯ ತಳದಲ್ಲಿ, ಕುಂಕುಮದ ಕೆಳಗೆ, ಅರಿವೆಯ ಗಂಟಿನಲ್ಲಿ ಒಂದು ಕಪ್ಪು ಮಣಿ ಇತ್ತು. ಏಳು ವರ್ಷದ ಹಿಂದೆ ಅದನ್ನು ಕೊಟ್ಟವಳು ಖಾರಾಸರಿನ ಮುದುಕಿ ಜಮ್ನಾಬಾಯಿ. ಅವರಲ್ಲಿ ಒಂದು ಪದ್ಧತಿ. ಮನೆಗೆ ಕಿರಿಯ ನೆಗೆಣ್ಣಿ ಬಂದಾಗ ಹಿರಿಯಳು ತನ್ನ ಕೊರಳಿನ ಕರಿಮಣಿ ಬಿಚ್ಚಿ ಅವಳ ಕೊರಳಿಗೆ ಕಟ್ಟಬೇಕು. ಇಬ್ಬರ ನಡುವೆ ದೃಷ್ಟಿ ತಾಗಬಾರದೆಂದು. ಜಮ್ನಾಬಾಯಿಗೆ ದೇರಾಣಿ ಇರಲಿಲ್ಲ. "ನಮ್ಮ ಬಾವಿ ಹತ್ತಿರ ಹಿಂದಿನವರಿಗೆ ಸಿಕ್ಕಿದ್ದು. ನಿನಗೆ ದೇರಾಣಿ ಬಂದರೆ ಕಟ್ಟು ಮಗಳೇ," ಎಂದು ಇವಳ ಕೈಗೆ ಹಾಕಿದ್ದಳು. ಕೊಟ್ಟ ಉಡುಗೊರೆಯನ್ನು ಪರೀಕ್ಷೆ ಮಾಡಬಾರದೆಂದು ನೀಲಾಂಬಿಕೆ ಅದಕ್ಕೆ ಕೋಲು ಮುಟ್ಟಿಸಿರಲಿಲ್ಲ. ಬಾವಿಯ ಮಾತನ್ನು ಮುದುಕಿಯ ಕತೆ ಎಂದು ಬಿಟ್ಟಿದ್ದಳು. ಈರಣ್ಣನ ಮದುವೆಯಲ್ಲಿ ಕಟ್ಟಬೇಕೆಂದು ತೆಗೆದಿಟ್ಟಳು, ಗಡಿಬಿಡಿಯಲ್ಲಿ ಮರೆತಳು. ಆಮೇಲೆ ಆಲಿಕೆ ಬಂತು, ಹೆಸರು ಬಂತು. ಎಲ್ಲ ಅವಳಿಗೇ ಬಂದಿದೆ, ಇದೊಂದಾದರೂ ನನ್ನ ಹತ್ತಿರ ಇರಲಿ ಎಂದು ಕುಂಕುಮದ ತಳಕ್ಕೆ ತಳ್ಳಿದಳು.

ಏದುಸಿರು ಬಿಡುತ್ತ ಲ್ಯಾಬಿನ ಬಾಗಿಲಿಗೆ ಬಂದು ಭರಣಿ ಚಾಚಿದಳು. ಗಂಟು ಬಿಚ್ಚಿ ಮಣಿ ಕಂಡದ್ದೇ ತಡ, ಚಂಪಾ ಕಿರಿಚಿದಳು, "ಮುಟ್ಟಬ್ಯಾಡ್ರಿ! ಅಲ್ಲೇ ಇಡ್ರಿ! ಕೈ ಹಿಂದ ತಗೀರಿ ಅಕ್ಕಾರ!"

"ಬಾವಿದು ಐತಿ. ಕೋಲು ಮುಟ್ಟಿಲ್ಲ. ಜಮ್ನಾಬಾಯಿ ನಿನಗ ಕಟ್ಟು ಅಂತ ಕೊಟ್ಟಿದ್ಲು. ನಾ ಕಟ್ಟಲಿಲ್ಲ."

ಚಂಪಾ ಮಣಿಯನ್ನೂ ಇವಳನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು, ಜೊತೆಗೆ ಸಿಟ್ಟೂ ಬಂತು. "ನಾ ಎರಡು ವರ್ಷ ಬಿಸಲಾಗ ಸುಟಗೊಂಡು ಒಂದs ಒಂದು ಹುಡುಕೇನಿ. ನೀವು ಕುಂಕುಮದಾಗ ಮುಚ್ಚಿಟ್ಟಿದ್ರಿ! ನಿಮಗೊಬ್ಬರಿಗೇ ಹೊಟ್ಟಿಕಿಚ್ಚು ಅಂತ ತಿಳದೀರೇನು? ನೀವು ನೆಲ ನೋಡಿದ್ರ ಮಣಿ ಸಿಗ್ತಾವ. ನಂಗ ಯಂತ್ರ ಬೇಕು, ಕ್ಯಾಮೆರಾ ಬೇಕು, ಆದ್ರೂ ಸಿಗೂದಿಲ್ಲ. ನಂಗೇನು ಉರೀತಿರಲಿಲ್ಲಂತೀರಿ?"

"ಮತ್ತ ಆ ಮೂರು ಸಾವಿರದ್ದು ಯಾಕ ಮುಚ್ಚಿಟ್ಟಿ? ಹೇಳಿಬಿಟ್ಟಿದ್ರ ನನ್ನ ಸೊಕ್ಕು ಇಳೀತಿತ್ತು."

"ಹೇಳಾಕ ಮೂರು ಸಲ ಬಂದಿದ್ನೆಲ್ಲ!" ಚಂಪಾ ಮೂಗು ಒರೆಸಿಕೊಂಡಳು. "ಮೂರೂ ಸಲ ಒಗ್ಗರಣಿ ಅಂದ್ರಿ. ಆಮ್ಯಾಲ ಧೈರ್ಯ ಆಗಲಿಲ್ಲ."

ಇಪ್ಪತ್ತೊಂದು ದಿನ ಆಲಿಕೆ ಓದಿತು. ಆ ದಿನಗಳಲ್ಲಿ ಬರಬೇಕಾದ ಕಾಗದವೂ ಬಂತು. ಸಂಗ್ರಹಪಾಲಕಿ ಹುದ್ದೆಯಿಂದ ನೀಲಾಂಬಿಕೆಯನ್ನು ತೆಗೆಯಲಾಗಿದೆ, ಅವಳ ಸಂಗ್ರಹದ ಕಪಾಟುಗಳಿಗೆ 'ಓದಲು ಅನರ್ಹ' ಎಂದು ಚೀಟಿ ಅಂಟಿಸತಕ್ಕದ್ದು. ಚೀಟಿಗಳನ್ನು ಅವಳೇ ಅಂಟಿಸಿದಳು. ನಲವತ್ತು ಕಪಾಟು. ಬೇರೆಯವರು ಅಂಟಿಸಿದರೆ ಸೊಟ್ಟಗಾದೀತು ಎಂದಳು. ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿನಲ್ಲೂ ಗೌರವ್ವನಿಗೆ ಕೇಳಿಸಿತು. ಅಂದು ಸಾರಿಗೆ ಉಪ್ಪಿರಲಿಲ್ಲ, ಅವಳು ಹಾಗೆಯೇ ಎರಡು ಸಲ ಹಾಕಿಸಿಕೊಂಡು ಉಂಡಳು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಕೇಂದ್ರದ ಸಭಾಂಗಣ ತುಂಬಿತು. ಪರದೆಯಲ್ಲಿ ದಿಲ್ಲಿಯಿಂದ ಕುಲಶ್ರೇಷ್ಠರು. ಮುಂದಿನ ಸಾಲಿನಲ್ಲಿ ಖಾರಾಸರಿನ ಹೆಂಗಸರು ಬಣ್ಣದ ಓಢಣಿ ಹೊದ್ದು ಕುಳಿತಿದ್ದರು, ನಡುವೆ ಜಮ್ನಾಬಾಯಿ. ಟೀವಿಯವರು ಮೈಕು ಹಿಡಿದು ನಿಂತಿದ್ದರು. ಇಡೀ ಜಗತ್ತು ಅಂದುಕೊಂಡದ್ದು ಒಂದೇ. 'ಆ ಕೊಡ ಬಿಟ್ಟು ಓಡು' ಎಂಬ ಮಾತು ಬರುತ್ತದೆ, ನಾವೆಲ್ಲ ಕಣ್ಣೊರೆಸಿಕೊಳ್ಳೋಣ. ಚಂಪಾ ಗುಂಡಿ ಒತ್ತಿದಳು.

ಮರಳು ಸುರಿದಂಥ ಸದ್ದು. ಕುರಿಯೊಂದರ ಕೂಗು. ಆಮೇಲೆ ಅದೇ ಹೆಣ್ಣು ದನಿ.

"ದೇರಾಣೀ... ಏ ದೇರಾಣೀ... ವೋ ಘಡೋ... ಮ್ಹಾರೋ!"

ಆ ಕೊಡ ನಂದು!

ಹಿಂದೆಯೇ ಇನ್ನೊಂದು ದನಿ, ಇನ್ನೂ ಎಳೆಯದು, ಕಿಸಕ್ಕನೆ ನಕ್ಕಿತು. ಅದರ ಮೇಲೆ ಗುಡುಗು ಬಂದು ಎಲ್ಲವನ್ನೂ ಮುಚ್ಚಿತು.

ಟೀವಿಯವರು ಹಿಡಿದಿದ್ದ ಮೈಕು ಕೆಳಗಿಳಿಸಿದರು. ಮೊದಲು ನಕ್ಕವಳು ಜಮ್ನಾಬಾಯಿ. ಬೊಚ್ಚು ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಳು, ಅವಳ ಸಾಲಿನ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗೌರವ್ವ ಮಹಾಂತೇಶನ ತೋಳು ಜಗ್ಗಿ, "ಏನಂದ್ಲೋ? ಏನಂದ್ಲು?" ಎಂದು ಕೇಳಿ ತಿಳಿದುಕೊಂಡು, "ಹಂಗs ಅಂದಿರ್ತಾಳ ಮತ್ತ!" ಎಂದು ತೊಡೆ ತಟ್ಟಿದಳು.

ನೀಲಾಂಬಿಕೆ ನಗಲಿಲ್ಲ. ಆಕಾಶ ಬೆಳಗಿದೆ, ಕಾದ ಗಾಜು ಸುತ್ತ ಉದುರುತ್ತಿದೆ, ಆ ಹೆಂಗಸಿಗೆ ಕಾಣುತ್ತಿರುವುದು ಕಿರಿಯಳ ಕೈಯಲ್ಲಿರುವ ತನ್ನ ಕೊಡ ಮಾತ್ರ. ಆ ದನಿಯ ಕೊಂಕು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಅವಳು ಆಡುತ್ತಿದ್ದದ್ದು ಅದೇ ದನಿಯಲ್ಲಿ. ಆ ಇಬ್ಬರಲ್ಲಿ ಯಾರೋ ಒಬ್ಬಳು ಉಳಿದು ಬಾವಿಯ ಹತ್ತಿರದ ಮಣಿ ಆರಿಸಿಕೊಂಡಿರಬೇಕು, ಕೊಡದ ಜಗಳ ನೆನಸಿಕೊಂಡು ಈ ಪದ್ಧತಿ ಹಾಕಿರಬೇಕು. ಯಾರು ಉಳಿದರೋ ಗಾಜು ಹೇಳಲಿಲ್ಲ.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಚಂಪಾ ಅಡುಗೆಮನೆಗೆ ಬಂದಳು. ಬಿದಿರಿನ ಕೋಲು ಅವಳ ಕೈಯಲ್ಲಿತ್ತು. ತುದಿಯ ಆಯಸ್ಕಾಂತ ಕಿತ್ತು ಅಲ್ಲಿ ಮರದ ಚಿಮಟ ಕಟ್ಟಿದ್ದಳು.

"ನಡೀರಿ ಅಕ್ಕಾರ. ಬಾವಿ ಕಡೆ ದಿಬ್ಬ ಸರದಾವಂತ ಜಮ್ನಾಬಾಯಿ ಹೇಳ್ಯಾಳ. ನೀವು ನೆಲ ನೋಡ್ರಿ, ನಾ ಎತ್ತತೀನಿ."

"ನೌಕರಿ ಹೋದಾಕಿನ್ನ ಯಾಕ ಕರೀತಿ? ಫೋಟೋದಾಗ ಮತ್ತ ಸೆರಗು ಬೇಕಾತೇನು?"

"ಈ ಸಲ ಮುಖಾನೂ ಬರಲಿ ಬಿಡ್ರಿ," ಎಂದಳು ಚಂಪಾ. ಕೊರಳಲ್ಲಿ ದಾರ ಕಾಣುತ್ತಿತ್ತು. ಓದಿ ಮುಗಿದ ಮಣಿ ಕೇಂದ್ರದ ತಿಜೋರಿ ಸೇರಿತ್ತು. ಅದರ ಬದಲು ನೀಲಾಂಬಿಕೆ ಹಿಂದಿನ ಸಂಜೆ ಮೂಕ ಮಣಿಗಳಲ್ಲಿ ಒಂದನ್ನು, ಒಂದನೆಯ ನಂಬರಿನದನ್ನು, ಬೇಡಿ ತಂದು ಕಟ್ಟಿದ್ದಳು.

ನೀಲಾಂಬಿಕೆ ಸೆರಗು ಬಿಗಿದು ಹೊರಬಂದಳು. ಕಟ್ಟೆಯ ಮೇಲೆ ದಾರಿಗೆಂದು ತುಂಬಿಟ್ಟ ನೀರಿನ ಕೊಡವಿತ್ತು, ತವರಿನಿಂದ ತಂದ ತಾಮ್ರದ್ದು. ಚಂಪಾ ಮುಂದಾಗಿ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು.

"ಏ, ಆ ಕೊಡ ನಂದು," ಎಂದಳು ನೀಲಾಂಬಿಕೆ. ಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಚಂಪಾ ಕಿಸಕ್ಕನೆ ನಕ್ಕಳು. ಕೊಡ ಬಿಡಲಿಲ್ಲ.